ಡಿಸ್ನಿ ವರ್ಲ್ಡ್‌ನ ಕ್ಯಾರೆಕ್ಟರ್ ಬಫೆ: ತಡವಾದ ಸ್ಲಾಟ್ ಹಿಡಿಯುವುದು ಹೇಗೆ, ಯಾವಾಗ?

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕ್ಯಾರೆಕ್ಟರ್ ಬಫೆ ಬುಕ್ ಮಾಡಲು ಕೂತರೆ ಹೆಚ್ಚಾಗಿ ಆಗುವುದು ಇಷ್ಟು. ಬೆಳಿಗ್ಗೆ 8 ಗಂಟೆಯ ಸ್ಲಾಟ್ ಖಾಲಿ ಇರುವುದಿಲ್ಲ. ಸಂಜೆ 5:30, 6 ಗಂಟೆಯದೂ ಹೋಗಿರುತ್ತದೆ. ಉಳಿದಿರುವುದು ಬೆಳಿಗ್ಗೆ ಹತ್ತೂವರೆಯದು, ಇಲ್ಲವೇ ರಾತ್ರಿ 8 ದಾಟಿದ್ದು. ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ನನ್ನನ್ನು ಕೇಳಿದರೆ ಆ ಎರಡೇ ಒಳ್ಳೆಯ ಸ್ಲಾಟ್‌ಗಳು. ಆದರೆ ಕಣ್ಣು ಮುಚ್ಚಿ ಹಿಡಿಯುವಂತಿಲ್ಲ. ಮೂರು ಹೊತ್ತುಗಳನ್ನು ಲೆಕ್ಕ ಹಾಕಬೇಕು: ಅಡುಗೆಮನೆ ತಿಂಡಿಯಿಂದ ಊಟಕ್ಕೆ ಬದಲಾಗುವ ಹೊತ್ತು, ಕ್ಯಾರೆಕ್ಟರ್‌ಗಳು ಹಾಲ್‌ನಲ್ಲಿ ಒಂದು ಸುತ್ತು ಮುಗಿಸಲು ಬೇಕಾದ ಹೊತ್ತು, ಮತ್ತು ಪಾರ್ಕ್ ಮುಚ್ಚುವ ಹೊತ್ತು.

ಮೊದಲ ಸಲ ಹೋಗುವವರಿಗೆ ಒಂದು ಮಾತು. ಕ್ಯಾರೆಕ್ಟರ್ ಬಫೆ ಅಂದರೆ ಎಷ್ಟು ಬೇಕಾದರೂ ಬಡಿಸಿಕೊಂಡು ತಿನ್ನುವ ಊಟ. ನೀವು ತಿನ್ನುತ್ತಿರುವಾಗ ಮಿಕ್ಕಿ, ಗೂಫಿ, ಪೂ ಕರಡಿ ಮುಂತಾದವರು ಟೇಬಲ್‌ನಿಂದ ಟೇಬಲ್‌ಗೆ ಬಂದು ಮಕ್ಕಳನ್ನು ಅಪ್ಪಿಕೊಂಡು, ಫೋಟೋಗೆ ನಿಂತು, ಸಹಿ ಹಾಕಿ ಹೋಗುತ್ತಾರೆ. ದುಬಾರಿ. ಆದರೆ ಪಾರ್ಕ್‌ನಲ್ಲಿ ಒಬ್ಬೊಬ್ಬ ಕ್ಯಾರೆಕ್ಟರ್‌ಗೂ ಬಿಸಿಲಲ್ಲಿ ಸಾಲು ನಿಲ್ಲುವ ಕೆಲಸ ಇಲ್ಲಿ ಎಸಿ ಹಾಲ್‌ನಲ್ಲಿ ಕೂತಲ್ಲೇ ಮುಗಿಯುತ್ತದೆ. ಜನ ದುಡ್ಡು ಕೊಡುವುದು ಅದಕ್ಕೇ.

ಮೊದಲು ಜಾಗ ಆರಿಸಿ, ಆಮೇಲೆ ಹೊತ್ತು

ತಡವಾಗಿ ಹೋಗುವ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಹಾಗಾಗಿ ಯಾವ ರೆಸ್ಟೋರೆಂಟ್ ಎಂಬುದು ಮೊದಲ ತೀರ್ಮಾನ.

ಕ್ರಿಸ್ಟಲ್ ಪ್ಯಾಲೆಸ್ ಇರುವುದು ಮ್ಯಾಜಿಕ್ ಕಿಂಗ್ಡಮ್ ಪಾರ್ಕ್‌ನ ಒಳಗೆ. ಗೇಟಿನಿಂದ ಒಳಗೆ ಹೋಗುವ ಮೇನ್ ಸ್ಟ್ರೀಟ್ ಎಂಬ ಬೀದಿ ಮುಗಿಯುವಲ್ಲಿ, ಪಾರ್ಕ್‌ನ ನಡುವಿನ ಕೋಟೆಗೆ ಮುಖ ಮಾಡಿ ನಿಂತರೆ ಎಡಗಡೆ, ಗಾಜಿನ ಗುಮ್ಮಟದ ಬಿಳಿ ಕಟ್ಟಡ. 1971ರ ಅಕ್ಟೋಬರ್ 1ರಂದು ಪಾರ್ಕ್ ಶುರುವಾದಾಗಿನಿಂದಲೂ ಇದೆ. ಇಲ್ಲಿಗೆ ಬರುವವರು ಪೂ, ಟಿಗ್ಗರ್, ಪಿಗ್ಲೆಟ್, ಈಯೋರ್. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಮೂರಕ್ಕೂ ಇವರೇ. ತಡವಾದ ತಿಂಡಿ, ತಡವಾದ ರಾತ್ರಿ ಊಟ ಎರಡಕ್ಕೂ ಸರಿಹೊಂದುವ ಜಾಗ.

ಟಸ್ಕರ್ ಹೌಸ್ ಇರುವುದು ಇನ್ನೊಂದು ಪಾರ್ಕ್ ಆದ ಅನಿಮಲ್ ಕಿಂಗ್ಡಮ್‌ನ ಆಫ್ರಿಕಾ ಭಾಗದಲ್ಲಿ. ಸಫಾರಿ ಉಡುಪಿನಲ್ಲಿ ಡೊನಾಲ್ಡ್, ಡೇಸಿ, ಮಿಕ್ಕಿ, ಗೂಫಿ ಬರುತ್ತಾರೆ. ತಡವಾದ ತಿಂಡಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ರಾತ್ರಿಗೆ ಮಾತ್ರ ಪ್ರಯೋಜನವಿಲ್ಲ, ಯಾಕೆಂದರೆ ಈ ಪಾರ್ಕ್ ಬೇರೆಯವಕ್ಕಿಂತ ಬೇಗ ಬಾಗಿಲು ಹಾಕುತ್ತದೆ.

ಶೆಫ್ ಮಿಕ್ಕೀಸ್ ಪಾರ್ಕ್‌ನ ಹೊರಗೆ, ಕಾಂಟೆಂಪರರಿ ಹೋಟೆಲ್‌ನ ನಾಲ್ಕನೇ ಮಹಡಿಯಲ್ಲಿದೆ. ಮಾನೊರೈಲು ಹೋಟೆಲ್‌ನ ಒಳಗಿಂದಲೇ ಹಾದುಹೋಗುತ್ತದೆ, ಮಕ್ಕಳಿಗೆ ಅದೇ ಒಂದು ತಮಾಷೆ. ಇಲ್ಲಿ ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೋ ಐವರೂ ಸಿಗುತ್ತಾರೆ. ಪಾರ್ಕ್ ಟಿಕೆಟ್ ಬೇಡ. ಪಾರ್ಕ್‌ಗೆ ಹೋಗದ ದಿನಕ್ಕೆ, ಅಥವಾ ಊರಿಂದ ಬಂದು ಇಳಿದ ದಿನಕ್ಕೆ ಸರಿಯಾದ ಆಯ್ಕೆ. ಆದರೆ ಇಲ್ಲಿ ತಿಂಡಿ ಮುಗಿದ ಮೇಲೆ ಮಧ್ಯಾಹ್ನದ ಊಟ ಇಲ್ಲ, ಸೀದಾ ರಾತ್ರಿ ಊಟವೇ. ಹಾಗಾಗಿ ಮುಂದೆ ಹೇಳುವ 'ತಿಂಡಿ ದರಕ್ಕೆ ಊಟವೂ' ಉಪಾಯ ಇಲ್ಲಿ ಸಾಗದು.

ಇನ್ನೊಂದು ಹಳ್ಳ ಇದೆ, ಬೀಳುವವರು ಬಹಳ. ಬೀಚ್ ಕ್ಲಬ್ ಹೋಟೆಲ್‌ನ ಕೇಪ್ ಮೇ ಕೆಫೆಯಲ್ಲಿ ಮಿನ್ನಿ ಮತ್ತು ಗೆಳೆಯರು ಬರುವುದು ತಿಂಡಿಗೆ ಮಾತ್ರ. ರಾತ್ರಿ ಅದು ಬರೀ ಸಮುದ್ರಾಹಾರದ ಬಫೆ. ಪಾಲಿನೇಶಿಯನ್ ಹೋಟೆಲ್‌ನ ಒಹಾನಾದಲ್ಲೂ ಅಷ್ಟೇ, ಕ್ಯಾರೆಕ್ಟರ್‌ಗಳು ಬೆಳಿಗ್ಗೆ ಮಾತ್ರ. ಅದು ಬಫೆಯೂ ಅಲ್ಲ, ಟೇಬಲ್‌ಗೇ ತಂದಿಡುತ್ತಾರೆ. 'ರಾತ್ರಿ ಸ್ಲಾಟ್ ಸುಲಭವಾಗಿ ಸಿಕ್ಕಿತು' ಎಂದು ಖುಷಿಪಟ್ಟು, ಅಲ್ಲಿ ಹೋಗಿ ಮಿನ್ನಿ ಎಲ್ಲಿ ಎಂದು ಮಗು ಕೇಳಿದಾಗ ಏನು ಹೇಳುವುದು? ಬುಕ್ ಮಾಡುವಾಗ ಆ ಹೊತ್ತಿನ ಊಟದ ವಿವರದಲ್ಲಿ ಕ್ಯಾರೆಕ್ಟರ್ ಎಂದು ಬರೆದಿದೆಯೇ ಎಂದು ಓದಿಕೊಳ್ಳಿ. ರೆಸ್ಟೋರೆಂಟ್‌ಗಳು ದುರಸ್ತಿಗೆ ಮುಚ್ಚುವುದೂ ಉಂಟು, ಅದನ್ನೂ ಡಿಸ್ನಿ ವೆಬ್‌ಸೈಟ್‌ನಲ್ಲಿ ನೋಡಿಬಿಡಿ.

ಬುಕಿಂಗ್ ತೆರೆಯುವ ದಿನ

ಊಟದ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಡಿಸ್ನಿಯದೇ ಹೋಟೆಲ್‌ನಲ್ಲಿ ಉಳಿಯುವವರಿಗೆ ಒಂದು ಅನುಕೂಲ ಇದೆ. ಚೆಕ್-ಇನ್ ದಿನಕ್ಕೆ 60 ದಿನ ಮೊದಲು ಕೂತರೆ, ಒಂದೇ ಸಲಕ್ಕೆ ಇಡೀ ವಾಸ್ತವ್ಯಕ್ಕೆ, ಗರಿಷ್ಠ 10 ದಿನಗಳವರೆಗೆ, ಬುಕ್ ಮಾಡಬಹುದು. ಅಂದರೆ ನಿಮ್ಮ ಪ್ರವಾಸದ ಕೊನೆಯ ದಿನಗಳು ಹೊರಗೆ ಉಳಿಯುವವರಿಗೆ ಇನ್ನೂ ತೆರೆದೇ ಇರುವುದಿಲ್ಲ. ಬೇಡಿಕೆ ಜಾಸ್ತಿ ಇರುವ ಊಟವನ್ನು ಪ್ರವಾಸದ ಕೊನೆಗೆ ಇಟ್ಟುಕೊಂಡರೆ ಸಿಗುವ ಸಾಧ್ಯತೆ ಹೆಚ್ಚು.

ವೆಬ್‌ಸೈಟ್ ತೆರೆಯುವುದು ಫ್ಲೋರಿಡಾದ ಬೆಳಿಗ್ಗೆ 6 ಗಂಟೆಯ ಹೊತ್ತಿಗೆ. ಬೆಂಗಳೂರಿನಲ್ಲಿ ಕೂತು ಬುಕ್ ಮಾಡುವವರಿಗೆ ಇದು ವರ. ಅಲ್ಲಿನವರು ಅಲಾರಂ ಇಟ್ಟು ಏಳಬೇಕು, ಇಲ್ಲಿ ನಮಗೆ ಮಧ್ಯಾಹ್ನ 3:30. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಈ ಲೆಕ್ಕ. ಉಳಿದ ತಿಂಗಳುಗಳಲ್ಲಿ 4:30. ಆದರೆ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಬೆಳಗಿನ ಜಾವ 3 ಗಂಟೆ. ಅಂಥವರು ಊರಿನಲ್ಲಿರುವ ತಮ್ಮನಿಗೋ ನಾದಿನಿಗೋ ಲಾಗಿನ್ ಕೊಟ್ಟು ಕೂರಿಸುವುದೇ ಜಾಣತನ. ಬುಕ್ ಮಾಡುವವರಿಗೆ ಒಂದು ಮಾತು ಹೇಳಿರಿ: ಪರದೆಯ ಮೇಲೆ ಕಾಣುವುದೆಲ್ಲ ಫ್ಲೋರಿಡಾದ ಸಮಯ, ಫ್ಲೋರಿಡಾದ ತಾರೀಖು.

ಕುಟುಂಬ ದೊಡ್ಡದಿದ್ದರೆ, ಅಜ್ಜಿ ತಾತ ಎಲ್ಲ ಸೇರಿ ಎಂಟು ಜನರಾದರೆ, ಒಂದೇ ಟೇಬಲ್ ಸಿಗುವುದು ಕಷ್ಟ. ನಾಲ್ಕು ನಾಲ್ಕು ಜನರ ಎರಡು ಬುಕಿಂಗ್ ಅಕ್ಕಪಕ್ಕದ ಹೊತ್ತಿಗೆ ಮಾಡಿ, ಹೋದ ಮೇಲೆ ಹತ್ತಿರ ಕೂರಿಸಲು ಕೇಳಬಹುದು. ತಡವಾದ ಹೊತ್ತಿನಲ್ಲಿ ಹಾಲ್ ಖಾಲಿಯಾಗುತ್ತಿರುವುದರಿಂದ ಈ ಮಾತು ನಡೆಯುವ ಸಂಭವ ಜಾಸ್ತಿ. ಹಾಗಂತ ಖಾತ್ರಿ ಏನಿಲ್ಲ.

ಮೂರು ವರ್ಷದ ಒಳಗಿನ ಮಗುವಿಗೆ ಬಫೆ ಉಚಿತ, ಆದರೆ ಬುಕಿಂಗ್‌ನಲ್ಲಿ ಮಗುವನ್ನೂ ಎಣಿಸಬೇಕು. 3ರಿಂದ 9 ವರ್ಷಕ್ಕೆ ಮಕ್ಕಳ ದರ. 10 ತುಂಬಿದರೆ ದೊಡ್ಡವರ ದರ.

ತಡವಾದ ತಿಂಡಿ: ಲೆಕ್ಕ ಹಿಂದಿನಿಂದ ಹಾಕಿ

ಈ ಲೇಖನದ ಮುಖ್ಯ ಭಾಗ ಇದು. ಕ್ಯಾರೆಕ್ಟರ್ ಬಫೆಗಳಲ್ಲಿ ತಿಂಡಿಯ ದರ ಊಟದ ದರಕ್ಕಿಂತ ಕಡಿಮೆ. ಕ್ರಿಸ್ಟಲ್ ಪ್ಯಾಲೆಸ್, ಟಸ್ಕರ್ ಹೌಸ್ ಎರಡರಲ್ಲೂ ತಿಂಡಿ ಸಾಮಾನ್ಯವಾಗಿ 11 ಗಂಟೆಯ ಆಸುಪಾಸಿನಲ್ಲಿ ಮುಗಿದು, ಅದೇ ಹಾಲ್‌ನಲ್ಲಿ, ಅದೇ ಕೌಂಟರ್‌ಗಳಲ್ಲಿ ಊಟ ಶುರುವಾಗುತ್ತದೆ. ತಿಂಡಿ ಮುಗಿಯುವ ಮುಂಚೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಮೊಟ್ಟೆ, ವಾಫಲ್, ಆಲೂಗಡ್ಡೆ ಒಂದೊಂದಾಗಿ ಒಳಗೆ ಹೋಗಿ, ಅವುಗಳ ಜಾಗಕ್ಕೆ ಅನ್ನ, ಪಲ್ಯ, ರೋಸ್ಟ್, ಸಾಲಡ್ ಬರುತ್ತವೆ. ನೀವು ಇನ್ನೂ ಟೇಬಲ್‌ನಲ್ಲೇ ಇದ್ದರೆ ಎರಡರ ರುಚಿಯೂ ಸಿಗುತ್ತದೆ.

ಲೆಕ್ಕ ಹೀಗೆ. ಊಟ ಶುರುವಾಗುವ ಸಮಯವನ್ನು ಮೊದಲು ಡಿಸ್ನಿಯ 'ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್' ಆ್ಯಪ್‌ನಲ್ಲಿ ನೋಡಿ. 11 ಗಂಟೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ ಹಿಂದೆ ಬನ್ನಿ. 10:20ರಿಂದ 10:30ರ ನಡುವಿನ ಸ್ಲಾಟ್ ಹಿಡಿಯಿರಿ. ಅದಕ್ಕಿಂತ ಮುಂಚೆ ಹಿಡಿದರೆ ಊಟ ಬರುವಷ್ಟರಲ್ಲಿ ಹೊಟ್ಟೆ ತುಂಬಿ, ಮಕ್ಕಳು ಕೂರಲಾರದೆ ಎದ್ದಿರುತ್ತಾರೆ. ಕಟ್ಟಕಡೆಯ 10:50ರ ಸ್ಲಾಟ್ ನೋಡಿದರೆ ಆಸೆಯಾಗುತ್ತದೆ, ಆದರೆ ಅದರಲ್ಲಿ ಅಪಾಯ ಇದೆ. ಟೇಬಲ್ ಖಾಲಿಯಾಗುವುದು ಹದಿನೈದು ನಿಮಿಷ ತಡವಾದರೆ ನೀವು ಕೂರುವುದೇ ಊಟದ ಹೊತ್ತಿಗೆ. ಆಗ ಯಾವ ದರ? ಒಳಗೆ ಹೋಗುವ ಮೊದಲೇ, ಬಾಗಿಲ ಬಳಿ ಹೆಸರು ಹೇಳುವಾಗಲೇ ಕೇಳಿಬಿಡಿ: 'ನಮ್ಮದು ತಿಂಡಿಯ ಬುಕಿಂಗ್, ತಿಂಡಿಯ ದರವೇ ಅಲ್ವಾ?' ನಗುತ್ತಾ ಕೇಳಿದರೆ ನಗುತ್ತಾ ಉತ್ತರ ಕೊಡುತ್ತಾರೆ. ಬಿಲ್ ಬಂದ ಮೇಲೆ ಕೇಳಿದರೆ ವಾದ.

ಬದಲಾವಣೆಯ ನಡುವೆ ಸ್ವಲ್ಪ ಹೊತ್ತು ಕೌಂಟರ್ ಅರೆಬರೆ ಇರುತ್ತದೆ. ವಾಫಲ್ ಹೋಗಿರುತ್ತದೆ, ಊಟ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಕೂತ ಕೂಡಲೇ ಮಕ್ಕಳಿಗೆ ಬೇಕಾದ ತಿಂಡಿಯನ್ನು ಮೊದಲು ತಂದುಕೊಳ್ಳಿ. ಮಿಕ್ಕಿ ಮುಖದ ವಾಫಲ್ ಮಕ್ಕಳಿಗೆ ಬೇಕೇ ಬೇಕು. ದೊಡ್ಡವರು ಹಣ್ಣು, ಜ್ಯೂಸ್, ಕಾಫಿ ಹಿಡಿದುಕೊಂಡು ನಿಧಾನ ಮಾಡಿ. ಆ ಮಧ್ಯದ ಹೊತ್ತನ್ನು ಕ್ಯಾರೆಕ್ಟರ್‌ಗಳಿಗೆ ಬಿಡಿ. ಊಟ ಬಂದ ಮೇಲೆ ಎರಡನೇ ತಟ್ಟೆ.

ಟಸ್ಕರ್ ಹೌಸ್‌ಗೆ ಈ ಲೆಕ್ಕ ಯಾಕೆ ಚೆನ್ನಾಗಿ ಕೂರುತ್ತದೆ ಎಂದರೆ, ಅನಿಮಲ್ ಕಿಂಗ್ಡಮ್ ಸಾಮಾನ್ಯವಾಗಿ 8 ಗಂಟೆಗೇ ತೆರೆಯುತ್ತದೆ. ಕಿಲಿಮಂಜಾರೊ ಸಫಾರಿ ಅಲ್ಲೇ ಪಕ್ಕದಲ್ಲಿ. ಬೆಳಗಿನ ತಂಪಿನಲ್ಲಿ ಪ್ರಾಣಿಗಳು ಓಡಾಡಿಕೊಂಡಿರುತ್ತವೆ, ಸಾಲೂ ಕಮ್ಮಿ. ಸವಾರಿ ಸುಮಾರು ಇಪ್ಪತ್ತು ನಿಮಿಷದ್ದು. ಅದು ಮುಗಿಸಿ, ಅದರಾಚೆ ಗೊರಿಲ್ಲಾ ಇರುವ ಕಾಲುದಾರಿ ಸುತ್ತಿ ಬಂದರೆ ಹತ್ತೂವರೆಗೆ ಸರಿಯಾಗಿ ಹೊಟ್ಟೆ ಹಸಿದಿರುತ್ತದೆ. ಪಾರ್ಕ್‌ನ ಆ ತುದಿಯಿಂದ ಈ ತುದಿಗೆ ಓಡಬೇಕಿಲ್ಲ. ಇನ್ನೂ ಒಂದು ಲಾಭ: ಮಧ್ಯಾಹ್ನ 12ರಿಂದ 1:30ರವರೆಗೆ ಎಲ್ಲರೂ ಊಟಕ್ಕೆ ಸಾಲು ನಿಂತಿರುವಾಗ ನೀವು ತಿಂದು ಮುಗಿಸಿ ಹೊರಗೆ ಬಂದಿರುತ್ತೀರಿ. ಸಂಜೆಯವರೆಗೆ ಮತ್ತೆ ಊಟದ ಚಿಂತೆ ಇಲ್ಲ.

ಇದೇ ಉಪಾಯ ಮಧ್ಯಾಹ್ನದ ಊಟದಿಂದ ರಾತ್ರಿ ಊಟಕ್ಕೆ ನಡೆಯುವುದಿಲ್ಲವೇ? ನಡೆಯುತ್ತದೆ, ಆದರೆ ಅವೆರಡರ ದರ ಹೆಚ್ಚುಕಡಿಮೆ ಒಂದೇ. ಉಳಿತಾಯ ಏನೂ ಇಲ್ಲ. ವಯಸ್ಸಾದವರು ಜೊತೆಯಲ್ಲಿದ್ದರೆ 3 ಗಂಟೆಯ ಸ್ಲಾಟ್ ಬೇರೆ ಕಾರಣಕ್ಕೆ ಒಳ್ಳೆಯದು. ಬೇಸಿಗೆಯ ಫ್ಲೋರಿಡಾದಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ ಸಾಮಾನ್ಯ. ಹೊರಗಿನ ಎಷ್ಟೋ ಸವಾರಿಗಳು ಆಗ ನಿಲ್ಲುತ್ತವೆ. ಆ ಹೊತ್ತಿಗೆ ಒಳಗೆ ಕೂತಿದ್ದರೆ ಏನೂ ಕಳೆದುಕೊಂಡಂತಲ್ಲ.

ತಡವಾದ ರಾತ್ರಿ ಊಟ

ಅಮೆರಿಕದ ಕುಟುಂಬಗಳು ಮಕ್ಕಳಿಗೆ ಸಂಜೆ 5:30, 6:30ಕ್ಕೆ ಊಟ ಮಾಡಿಸುತ್ತವೆ. ನೂಕುನುಗ್ಗಲು ಆಗ. ನಮ್ಮ ಮನೆಗಳಲ್ಲಿ ಎಂಟೂವರೆಗೆ ಇನ್ನೂ ಕುಕ್ಕರ್ ಕೂಗುತ್ತಿರುತ್ತದೆ. ಅವರಿಗೆ 'ತಡ' ಎನಿಸುವ ಹೊತ್ತು ನಮಗೆ ಊಟದ ಹೊತ್ತೇ ಆಗಿರುವುದರಿಂದ, ಯಾರಿಗೂ ಬೇಡವಾದ ಸ್ಲಾಟ್ ನಮಗೆ ಕಷ್ಟವಿಲ್ಲದೆ ಹೊಂದುತ್ತದೆ. ಮದುವೆ ಮನೆಯ ಕೊನೆಯ ಪಂಕ್ತಿ ಇದ್ದಂತೆ: ಗಡಿಬಿಡಿ ಇಲ್ಲ, ಬಡಿಸುವವರು ನಿಂತು ಮಾತಾಡುತ್ತಾರೆ. ಕ್ಯಾರೆಕ್ಟರ್‌ಗಳೂ ಹಾಗೆಯೇ. ಟೇಬಲ್‌ಗಳು ಕಮ್ಮಿಯಾದಷ್ಟೂ ಒಂದೊಂದು ಟೇಬಲ್‌ನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಟಿಗ್ಗರ್ ಕುಣಿಯಲು ಶುರು ಮಾಡುವುದು ಇಂಥ ಹೊತ್ತಿನಲ್ಲೇ.

ಆದರೆ ಕಟ್ಟಕಡೆಯ ಸ್ಲಾಟ್ ಬೇಡ. ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು ಹಿಡಿಯಿರಿ. ಕ್ಯಾರೆಕ್ಟರ್‌ಗಳ ಒಂದು ಸುತ್ತು ಮುಗಿಯಲು ಮುಕ್ಕಾಲು ಗಂಟೆಯಷ್ಟು ಬೇಕು. ನಡುವೆ ಅವು ವಿಶ್ರಾಂತಿಗೆ ಒಳಗೆ ಹೋಗುತ್ತವೆ. ಒಂದು ಸುತ್ತಿನಲ್ಲಿ ಯಾರಾದರೂ ತಪ್ಪಿಹೋದರೆ ಇನ್ನೊಂದು ಸುತ್ತಿಗೆ ಸಮಯ ಇರಬೇಕು. ಊಟಕ್ಕೆ ಒಟ್ಟು ಒಂದೂಕಾಲರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಕೊನೆಯ ಸ್ಲಾಟ್ 9 ಗಂಟೆಗಿದ್ದರೆ 8:15 ಅಥವಾ 8:30 ಸಾಕು. ಕೊನೆಯ ಸ್ಲಾಟೇ ಗತಿ ಎಂದಾದರೆ, ಕೂತ ಕೂಡಲೇ ಸರ್ವರ್‌ಗೆ ಹೇಳಿ: 'ನಾಲ್ವರೂ ನಮ್ಮ ಟೇಬಲ್‌ಗೆ ಬಂದು ಹೋಗಲಿ.' ಇದು ಅವರಿಗೆ ದಿನನಿತ್ಯದ ಕೋರಿಕೆ. ಬಿಲ್ ತಂದಿಟ್ಟ ಮೇಲೆ ನೆನಪಾದರೆ ಈಯೋರ್ ಮನೆಗೆ ಹೋಗಿರುತ್ತಾನೆ.

ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ದೊಡ್ಡ ತೊಡಕು ಪಟಾಕಿ ಶೋ. ಕೋಟೆಯ ಮೇಲೆ ನಡೆಯುವ ಈ ಪ್ರದರ್ಶನದ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ. 2025ರ ಜುಲೈನಿಂದ ರಾತ್ರಿ ಮೆರವಣಿಗೆಯೊಂದೂ ಸೇರಿಕೊಂಡಿದೆ. ಕ್ರಿಸ್ಟಲ್ ಪ್ಯಾಲೆಸ್ ಇರುವುದು ಸರಿಯಾಗಿ ಜನ ಸೇರುವ ಜಾಗದ ಅಂಚಿನಲ್ಲಿ. ಶೋ ಶುರುವಾಗುವ ಮುಂಚಿನ ಅರ್ಧ ಗಂಟೆಯಲ್ಲಿ ಸ್ಟ್ರೋಲರ್ ತಳ್ಳಿಕೊಂಡು ಅಲ್ಲಿ ಒಳಗೆ ಹೋಗುವುದಾಗಲಿ ಹೊರಗೆ ಬರುವುದಾಗಲಿ ಸಾಹಸ.

ಇದಕ್ಕೆ ದಾರಿ ಎರಡು. ಶೋ ನೋಡಲೇಬೇಕು ಅನ್ನುವವರು ಶೋ ಸಮಯದಿಂದ ಎರಡು ಗಂಟೆ ಹಿಂದಿನ ಸ್ಲಾಟ್ ತೆಗೆದುಕೊಳ್ಳಿ. ಶೋ 10ಕ್ಕಿದ್ದರೆ ಊಟ 8ಕ್ಕೆ. ಒಂಬತ್ತೂಕಾಲಿಗೆ ಎದ್ದರೆ ಹಾಲ್‌ನಿಂದ ನಾಲ್ಕು ಹೆಜ್ಜೆ ಇಟ್ಟು ಜಾಗ ಹಿಡಿಯಬಹುದು. ಎರಡನೆಯದು, ಶೋವನ್ನು ಬೇರೆ ದಿನ ನೋಡಿ, ಈ ದಿನ ಶೋ ನಡೆಯುವಾಗ ಒಳಗೆ ತಿನ್ನುತ್ತಾ ಕೂರುವುದು. ಶೋ ಮುಗಿದ ಕೂಡಲೇ ಸಾವಿರಾರು ಜನ ಒಟ್ಟಿಗೆ ಮಾನೊರೈಲು, ದೋಣಿ, ಬಸ್ಸುಗಳ ಕಡೆ ಹೊರಡುತ್ತಾರೆ. ನೀವು ಐಸ್‌ಕ್ರೀಂ ಮುಗಿಸಿ ಬರುವಷ್ಟರಲ್ಲಿ ಆ ಅಲೆ ಇಳಿದಿರುತ್ತದೆ. ಸಣ್ಣ ಮಕ್ಕಳಿಗೆ ಪಟಾಕಿ ಸದ್ದು ಭಯವಾದರೆ ಈ ಎರಡನೆಯದೇ ವಾಸಿ.

ಶೆಫ್ ಮಿಕ್ಕೀಸ್‌ನಲ್ಲಿ ಈ ಲೆಕ್ಕ ತಲೆಕೆಳಗು. ಆ ಮಹಡಿಯಲ್ಲೇ ಹೊರಗೆ ನಿಂತು ನೋಡಲು ಜಾಗ ಇದೆ, ಅಲ್ಲಿಂದ ಮ್ಯಾಜಿಕ್ ಕಿಂಗ್ಡಮ್‌ನ ಬಾಣಬಿರುಸು ಕಾಣುತ್ತದೆ. ಊಟ ಶೋಗಿಂತ ಒಂದೂವರೆ ಗಂಟೆ ಮೊದಲು ಇಟ್ಟುಕೊಂಡರೆ ಟಿಕೆಟ್ ಇಲ್ಲದೆಯೇ ಎರಡೂ ಆಯಿತು. ಕೋಟೆಯ ಮೇಲೆ ಬೀಳುವ ಬೆಳಕಿನ ಚಿತ್ರಗಳು ಅಷ್ಟು ದೂರಕ್ಕೆ ತಿಳಿಯುವುದಿಲ್ಲ, ಅದು ನಿಜ. ಪಾರ್ಕ್‌ನಿಂದ ಈ ಹೋಟೆಲ್‌ಗೆ ಕಾಲುದಾರಿಯೂ ಇದೆ, ಹತ್ತು ಹದಿನೈದು ನಿಮಿಷದ ನಡಿಗೆ. ಮಾನೊರೈಲಿಗೆ ಕಾಯುವುದಕ್ಕಿಂತ ನಡೆಯುವುದೇ ಎಷ್ಟೋ ಸಲ ಬೇಗ.

ರಾತ್ರಿ ಸ್ಲಾಟ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡುವುದು ಕಡ್ಡಾಯ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೋವೀನ್ ಪಾರ್ಟಿ, ನವೆಂಬರ್‌ನಿಂದ ಡಿಸೆಂಬರ್‌ವರೆಗೆ ಕ್ರಿಸ್‌ಮಸ್ ಪಾರ್ಟಿ ಎಂದು ಆಯ್ದ ರಾತ್ರಿಗಳಲ್ಲಿ ಮ್ಯಾಜಿಕ್ ಕಿಂಗ್ಡಮ್ ಸಾಮಾನ್ಯ ಟಿಕೆಟ್‌ನವರಿಗೆ ಸಂಜೆ 6ಕ್ಕೇ ಮುಚ್ಚುತ್ತದೆ. ಪಾರ್ಟಿಗೆ ಬೇರೆ ಟಿಕೆಟ್. ಅಂಥ ದಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ತಡವಾದ ಊಟದ ಯೋಚನೆ ಬಿಟ್ಟು ಶೆಫ್ ಮಿಕ್ಕೀಸ್‌ಗೆ ಹೋಗಿ. ದಸರಾ ರಜೆ, ದೀಪಾವಳಿ ಹೊತ್ತಿಗೆ ಊರಿಂದ ಹೊರಡುವವರು ಇದನ್ನು ಮರೆಯಬಾರದು. ಪ್ರವಾಸ ಬೀಳುವುದು ಸರಿಯಾಗಿ ಆ ಪಾರ್ಟಿಗಳ ನಡುವೆಯೇ.

ಊರಿಂದ ಬಂದವರ ಹೊಟ್ಟೆ, ಊರಿಂದ ಬಂದವರ ನಿದ್ದೆ

ಫ್ಲೋರಿಡಾದಲ್ಲಿ ರಾತ್ರಿ 8 ಆದಾಗ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೆಳಗಿನ ಜಾವ 5:30. ಬಂದಿಳಿದ ಮೊದಲ ಮೂರ್ನಾಲ್ಕು ದಿನ ಮಕ್ಕಳಿಗಿರಲಿ, ದೊಡ್ಡವರಿಗೇ ಸಂಜೆ ಆರಕ್ಕೆ ಕಣ್ಣು ಎಳೆಯುತ್ತದೆ. ಆ ದಿನಗಳಲ್ಲಿ ತಡವಾದ ರಾತ್ರಿ ಊಟ ಬುಕ್ ಮಾಡಿದರೆ ಮಗು ಡೊನಾಲ್ಡ್‌ನ ಎದುರೇ ತೂಕಡಿಸುತ್ತಿರುತ್ತದೆ. ಮೊದಲ ದಿನಗಳಿಗೆ ತಡವಾದ ತಿಂಡಿ, ಕೊನೆಯ ದಿನಗಳಿಗೆ ತಡವಾದ ಊಟ ಎಂದು ಹಂಚಿಕೊಳ್ಳಿ. ಅಮೆರಿಕದಲ್ಲೇ ಇರುವವರಿಗೆ ಈ ತಾಪತ್ರಯ ಇಲ್ಲ. ಪಶ್ಚಿಮ ತೀರದಿಂದ ಬರುವವರಿಗಂತೂ ಫ್ಲೋರಿಡಾದ 8:30 ಅಂದರೆ ಮನೆಯ ಗಡಿಯಾರದಲ್ಲಿ 5:30, ಆರಾಮು.

ತಡವಾದ ತಿಂಡಿಗೂ ಒಂದು ಎಚ್ಚರಿಕೆ ಬೇಕು. ಜೆಟ್ ಲ್ಯಾಗ್‌ನಲ್ಲಿ ಮಕ್ಕಳು ಮೂರು ಗಂಟೆಗೇ ಎದ್ದು ಹಸಿವು ಅನ್ನುತ್ತಾರೆ. ಹತ್ತೂವರೆವರೆಗೆ ಬರೀ ಹೊಟ್ಟೆಯಲ್ಲಿ ಇರಿಸಲಾಗದು. ಹೋಟೆಲ್ ಕೋಣೆಯಲ್ಲಿ ಹಾಲು, ಬಾಳೆಹಣ್ಣು, ಬ್ರೆಡ್ಡು ಇಟ್ಟುಕೊಳ್ಳಿ. ಡಿಸ್ನಿ ಪಾರ್ಕ್‌ಗಳಿಗೆ ಹೊರಗಿನ ತಿಂಡಿ ಒಯ್ಯಲು ಅವಕಾಶ ಇದೆ. ಗಾಜಿನ ಡಬ್ಬಿ, ಮದ್ಯ ಬೇಡ, ಬಿಸಿ ಮಾಡಬೇಕಾದ್ದು ಬೇಡ, ಅಷ್ಟೇ. ಚಪಾತಿ ರೋಲ್, ಅವಲಕ್ಕಿ, ಕೋಡುಬಳೆ ಬ್ಯಾಗ್‌ನಲ್ಲಿದ್ದರೆ ತಡವಾದ ಯಾವ ಸ್ಲಾಟೂ ಹೆದರಿಸುವುದಿಲ್ಲ. ಕೌಂಟರ್ ಹೋಟೆಲ್‌ಗಳಲ್ಲಿ ಐಸ್ ಹಾಕಿದ ನೀರು ಕೇಳಿದರೆ ಪುಕ್ಕಟೆ ಕೊಡುತ್ತಾರೆ. ರಾತ್ರಿ ಊಟಕ್ಕೆ ಮುಂಚೆ ನಾಲ್ಕು ಗಂಟೆಯ ಸುಮಾರಿಗೆ ಏನಾದರೂ ಗಟ್ಟಿಯಾಗಿ ತಿನ್ನಿಸಿ. ಏಳರ ನಂತರ ಮಾತ್ರ ಪಾಪ್‌ಕಾರ್ನ್ ಗಾಡಿಯ ಕಡೆ ಕರೆದುಕೊಂಡು ಹೋಗಬೇಡಿ. ಅಷ್ಟು ದುಡ್ಡು ಕೊಟ್ಟ ಬಫೆಗೆ ಹೊಟ್ಟೆಯಲ್ಲಿ ಜಾಗ ಬೇಡವೇ?

ಸಸ್ಯಾಹಾರಿಗಳಿಗೆ ಯಾವ ಹೊತ್ತು ಒಳ್ಳೆಯದು ಎಂದು ಬಹಳ ಜನ ಕೇಳುತ್ತಾರೆ. ತಿಂಡಿ ಸುಲಭ: ಹಣ್ಣು, ಬ್ರೆಡ್ಡು, ಆಲೂಗಡ್ಡೆ, ಓಟ್ಸ್, ಮೊಸರು. ವಾಫಲ್, ಪೇಸ್ಟ್ರಿಗಳಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನದವರು ಕೇಳಿಕೊಳ್ಳಬೇಕು. ಊಟದಲ್ಲಿ ಟಸ್ಕರ್ ಹೌಸ್ ನಮ್ಮ ನಾಲಿಗೆಗೆ ಹತ್ತಿರ, ಆಫ್ರಿಕಾದ ಮಸಾಲೆ ರುಚಿ ಇರುತ್ತದೆ. ತಡವಾದ ತಿಂಡಿಯ ಉಪಾಯ ಸಸ್ಯಾಹಾರಿಗಳಿಗೆ ಹೆಚ್ಚು ಲಾಭ ಅನ್ನುವುದು ಇದಕ್ಕೇ, ಎರಡೂ ಕಡೆಯಿಂದ ಆಯ್ದುಕೊಳ್ಳಬಹುದು. ಬುಕ್ ಮಾಡುವಾಗಲೇ ಅಲರ್ಜಿ ಇದ್ದರೆ ನಮೂದಿಸಿ. ಹೋದ ಮೇಲೆ ಶೆಫ್‌ನನ್ನು ಕಾಣಬೇಕು ಎಂದು ಕೇಳಿ. ಯಾವುದರಲ್ಲಿ ಏನಿದೆ ಎಂದು ತಿಳಿಸಿ ಹೇಳುತ್ತಾರೆ. ರಾತ್ರಿಯ ಕೊನೆಯ ಹೊತ್ತಿನಲ್ಲಿ ಇದಕ್ಕೆ ಅವರಿಗೂ ಪುರುಸೊತ್ತು ಇರುತ್ತದೆ.

ಸ್ಲಾಟ್ ಸಿಗಲೇ ಇಲ್ಲವೇ?

60 ದಿನದ ಹಿಂದೆ ಎಚ್ಚರ ಇಲ್ಲದಿದ್ದರೂ ಕೈಬಿಡಬೇಡಿ. ಬುಕಿಂಗ್‌ಗೆ ಕಾರ್ಡ್ ಕೊಡಬೇಕು, ಬರದಿದ್ದರೆ ತಲೆಗೆ 10 ಡಾಲರ್ ಕಡಿತ. ಈಗ ಹೆಚ್ಚಿನ ಕಡೆ 2 ಗಂಟೆ ಮೊದಲಿನವರೆಗೂ ದಂಡ ಇಲ್ಲದೆ ರದ್ದು ಮಾಡಬಹುದು. ನಿಮ್ಮ ಬುಕಿಂಗ್‌ನ ಇಮೇಲ್‌ನಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು. ಇದರ ಅರ್ಥ, ಮನಸ್ಸು ಬದಲಾಯಿಸಿದವರ ಸ್ಲಾಟ್‌ಗಳು ಊಟಕ್ಕೆ ಎರಡು ಮೂರು ಗಂಟೆ ಇರುವಾಗ ಹೊರಗೆ ಬೀಳುತ್ತವೆ. ರಾತ್ರಿ 8:30ರ ಸ್ಲಾಟ್ ಬೇಕಿದ್ದರೆ ಸಂಜೆ 5:30ರಿಂದ 6:30ರವರೆಗೆ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್ ಅನ್ನು ಆಗಾಗ ತೆರೆದು ನೋಡಿ. ಯಾವುದೋ ಸವಾರಿಯ ಸಾಲಿನಲ್ಲಿ ಹೇಗೂ ಸುಮ್ನೆ ನಿಂತಿರುತ್ತೀರಿ. ಮಕ್ಕಳು ಸುಸ್ತಾಗಿ ರೂಮಿಗೆ ಹೊರಟ ಕುಟುಂಬಗಳು ಮೊದಲು ಕೈಬಿಡುವುದು ಈ ತಡವಾದ ಊಟವನ್ನೇ. ಹಿಂದಿನ ದಿನದ ರಾತ್ರಿಯೂ ನೋಡುವುದು ಒಳ್ಳೆಯದು, ಆಗ ಜನ ಮರುದಿನದ ಯೋಜನೆ ಬದಲಾಯಿಸುತ್ತಾರೆ.

ನಾಲ್ಕು ಜನಕ್ಕೆ ಇಲ್ಲ ಎಂದರೆ ಎರಡು ಮತ್ತು ಎರಡು ಎಂದು ಹುಡುಕಿ. ಸುಮಾರಾದ ಸ್ಲಾಟ್ ಒಂದು ಕೈಯಲ್ಲಿರಲಿ, ಒಳ್ಳೆಯದು ಸಿಕ್ಕ ಮೇಲೆ ಹಳೆಯದನ್ನು ಆಗಲೇ ಬಿಟ್ಟುಕೊಡಿ. ಮರೆತು ಎರಡನ್ನೂ ಇಟ್ಟುಕೊಂಡರೆ ನಿಮಗೆ ದಂಡ, ಇನ್ನೊಂದು ಕುಟುಂಬಕ್ಕೆ ಊಟ ತಪ್ಪಿತು.

ಆ ದಿನ

ಹೇಳಿದ ಹೊತ್ತಿಗಿಂತ ಹತ್ತು ಹದಿನೈದು ನಿಮಿಷ ಮೊದಲೇ ಬಾಗಿಲ ಬಳಿ ಇರಿ. ತಡವಾದ ಸ್ಲಾಟ್ ಅಂದರೆ ತಡವಾಗಿ ಹೋಗುವ ಸ್ಲಾಟ್ ಎಂದು ಯಾರೂ ತಿಳಿಯಬಾರದು. ತಡ ಆಗುತ್ತದೆ ಎಂದು ಗೊತ್ತಾದ ಕೂಡಲೇ ಆ್ಯಪ್‌ನಲ್ಲಿ ಮುಂದಿನ ಹೊತ್ತಿಗೆ ಬದಲಾಯಿಸಲು ನೋಡಿ. ಕಾರಿನಲ್ಲಿ ಬರುವವರು ಮ್ಯಾಜಿಕ್ ಕಿಂಗ್ಡಮ್‌ಗೆ ಬೇರೆಯೇ ಲೆಕ್ಕ ಹಾಕಬೇಕು. ಪಾರ್ಕಿಂಗ್ ಇರುವುದು ಕೆರೆಯ ಈಚೆ ದಡದಲ್ಲಿ. ಅಲ್ಲಿಂದ ಮಾನೊರೈಲು ಅಥವಾ ದೋಣಿ ಹತ್ತಿ, ಗೇಟು ದಾಟಿ ಒಳಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಆಗುತ್ತದೆ.

ಕೂತ ಮೇಲೆ ಒಂದೇ ನಿಯಮ: ಟೇಬಲ್‌ನಲ್ಲಿ ಯಾವಾಗಲೂ ದೊಡ್ಡವರೊಬ್ಬರು ಮತ್ತು ಮಕ್ಕಳು ಇರಬೇಕು. ಎಲ್ಲರೂ ಒಟ್ಟಿಗೆ ತಟ್ಟೆ ಹಿಡಿದು ಹೋದಾಗಲೇ ಪಿಗ್ಲೆಟ್ ಬಂದು, ಖಾಲಿ ಕುರ್ಚಿ ನೋಡಿ ಮುಂದೆ ಹೋಗಿಬಿಡುವುದು. ಸಹಿ ಪುಸ್ತಕ, ದಪ್ಪನೆಯ ಪೆನ್ನು ಟೇಬಲ್ ಮೇಲೆ ತೆರೆದಿಡಿ. ಆ ದೊಡ್ಡ ಕೈಗವಸಿನಲ್ಲಿ ಸಣ್ಣ ಪೆನ್ನು ಹಿಡಿಯಲು ಬರುವುದಿಲ್ಲ. ಈ ಕ್ಯಾರೆಕ್ಟರ್‌ಗಳು ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ಅಜ್ಜಿ ಕನ್ನಡದಲ್ಲೇ 'ಬಾರಪ್ಪ ಇಲ್ಲಿ' ಎಂದು ಕರೆದರೂ ಪೂ ಬರುತ್ತಾನೆ. ಮಗು ಹೆದರಿದರೆ ಸರ್ವರ್‌ಗೆ ಮೊದಲೇ ತಿಳಿಸಿ, ದೂರದಿಂದ ಕೈಬೀಸಿ ಹೋಗುತ್ತಾರೆ.

ಬಿಲ್‌ನಲ್ಲಿ ನಮೂದಿಸಿದ ದರದ ಮೇಲೆ 6.5% ಮಾರಾಟ ತೆರಿಗೆ ಬರುತ್ತದೆ. ಆರು ಅಥವಾ ಹೆಚ್ಚು ಜನ ಇದ್ದರೆ 18% ಟಿಪ್ ತಾನಾಗಿ ಸೇರಿರುತ್ತದೆ. ಅದನ್ನು ನೋಡದೆ ಮೇಲೆ ಮತ್ತೆ ಟಿಪ್ ಬರೆಯುವವರು ನಮ್ಮವರಲ್ಲಿ ಕಡಿಮೆಯೇನಿಲ್ಲ. ಕಮ್ಮಿ ಜನ ಇದ್ದರೆ ನೀವೇ ಬರೆಯಬೇಕು, 18ರಿಂದ 20% ರೂಢಿ. ಬಫೆಯಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗುವಂತಿಲ್ಲ.

ರಾತ್ರಿ ಊಟ ಮುಗಿಸಿ ಹೊರಡುವವರು ಡಿಸ್ನಿ ಬಸ್ಸು, ಮಾನೊರೈಲು ಪಾರ್ಕ್ ಮುಚ್ಚಿದ ಮೇಲೂ ಸುಮಾರು ಒಂದು ಗಂಟೆ ಓಡುತ್ತವೆ ಎಂದು ತಿಳಿದಿರಿ. ಒಂದು ಹೋಟೆಲ್‌ನಿಂದ ಇನ್ನೊಂದು ಹೋಟೆಲ್‌ಗೆ ಮಾತ್ರ ನೇರ ಬಸ್ಸು ಇರುವುದಿಲ್ಲ. ಶೆಫ್ ಮಿಕ್ಕೀಸ್‌ನಲ್ಲಿ 8:30ಕ್ಕೆ ಕೂತು ಹತ್ತಕ್ಕೆ ಎದ್ದರೆ, ಮ್ಯಾಜಿಕ್ ಕಿಂಗ್ಡಮ್ ಬಸ್ ನಿಲ್ದಾಣಕ್ಕೆ ನಡೆದು ಹೋಗಿ ಅಲ್ಲಿಂದ ನಿಮ್ಮ ಹೋಟೆಲ್ ಬಸ್ಸು ಹತ್ತಬೇಕು. ನಿದ್ದೆಗೆ ಜಾರಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಷ್ಟೆಲ್ಲ ಬೇಡ ಅನಿಸಿದರೆ ಹೋಟೆಲ್ ಬಾಗಿಲಿನಿಂದಲೇ ಉಬರ್ ಹಿಡಿಯಿರಿ.